ಸಹಿ ಇಲ್ಲದ ಗೋಡೆಯನ್ನು ಓದುವ ಬಗೆ

ಪ್ಯಾರಿಸ್‌ನ ಬೀದಿ ಮೂಲೆಗಳಲ್ಲಿ ನೀಲಿ ಬಣ್ಣದ, ಹಸಿರು ಅಂಚಿನ ಹೆಸರು ಫಲಕ ಇರುತ್ತದೆ. ಆ ಫಲಕದ ಪಕ್ಕದಲ್ಲೋ ತುಸು ಮೇಲೋ ಒಮ್ಮೊಮ್ಮೆ ಟೈಲ್ಸ್‌ನ ಪುಟ್ಟ ಚಿತ್ರವೊಂದು ಕಾಣುತ್ತದೆ. ಬಚ್ಚಲುಮನೆಗೆ ಹಾಕುವಂಥ ಚೌಕ ಬಿಲ್ಲೆಗಳನ್ನೇ ಜೋಡಿಸಿದ್ದು: ಎರಡು ಕಣ್ಣು, ತಲೆಯ ಮೇಲೆ ಎರಡು ಕೊಂಬು, ಕೆಳಗೆ ಏಡಿಯ ಕಾಲು. ನೆಲದಿಂದ ಮೂರು ಮೀಟರ್‌ಗಿಂತ ಮೇಲೆ, ಕೈಗೆ ಎಟುಕದ ಕಡೆ. ಕೆಳಗೆ ಸಹಿ ಇಲ್ಲ, ವರ್ಷ ಇಲ್ಲ, ಇದೇನು ಎಂದು ಹೇಳುವ ಒಂದು ಸಾಲೂ ಇಲ್ಲ. ದಾರಿ ತಪ್ಪಿ, ಬೀದಿಯ ಹೆಸರು ನೋಡೋಣವೆಂದು ತಲೆ ಎತ್ತಿದವರಿಗೆ ಅದು ಸಿಗುತ್ತದೆ. ಒಂದು ಸಲ ಸಿಕ್ಕ ಮೇಲೆ ಅವರು ಪ್ರತಿ ಮೂಲೆಯಲ್ಲೂ ತಲೆ ಎತ್ತುತ್ತಾರೆ.

ಪ್ರವಾಸದಲ್ಲಿ ಇಂಥ ಅನಾಮಧೇಯ ಬೀದಿಚಿತ್ರ ಇಷ್ಟು ಬಲವಾಗಿ ಸೆಳೆಯುವುದು ಏಕೆ? ‘ನಿಗೂಢ ಕಲಾವಿದ’ ಎಂಬ ಕುತೂಹಲ ಒಂದು ಕಾರಣ ಹೌದು, ಆದರೆ ಅದು ಚಿಕ್ಕ ಕಾರಣ. ಕಲಾ ಗ್ಯಾಲರಿಯ ಗೋಡೆಯ ಮೇಲಿನ ಚಿತ್ರಕ್ಕೆ ಹೆಸರು, ಇಸವಿ, ಮಾಧ್ಯಮ ಎಲ್ಲವನ್ನೂ ಬರೆದ ಚೀಟಿ ಇರುತ್ತದೆ. ನಾವು ಚೀಟಿ ಓದಿ, ಚಿತ್ರದ ಮೇಲೆ ಒಮ್ಮೆ ಕಣ್ಣಾಡಿಸಿ ಮುಂದೆ ಹೋಗುತ್ತೇವೆ. ಬೀದಿಚಿತ್ರಕ್ಕೆ ಚೀಟಿ ಇಲ್ಲ. ಯಾರು, ಯಾವಾಗ, ಹೇಗೆ, ಏಕೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕಾದದ್ದು ಆ ಗೋಡೆಯೇ. ಬಣ್ಣದ ಅಂಚು, ಕಾಗದದ ಮಡಿಕೆ, ಅಂಟಿದ ಎತ್ತರ, ಸುತ್ತ ಬೆಳೆದ ಪಾಚಿ ಇವೇ ಸಾಕ್ಷಿ. ಈ ಸಾಕ್ಷಿಗಳನ್ನು ಓದಲು ಕಲಿತರೆ ಕಲಾವಿದನ ಹೆಸರು ಗೊತ್ತಿಲ್ಲ ಎಂಬುದು ಕೊರತೆಯಾಗಿ ಕಾಣುವುದಿಲ್ಲ.

ಮೊದಲು ಆ ಏಡಿಯ ಕಥೆ. 1978ರಲ್ಲಿ ಜಪಾನಿನ ಟೈಟೋ ಕಂಪನಿ ‘ಸ್ಪೇಸ್ ಇನ್ವೇಡರ್ಸ್’ ಎಂಬ ವಿಡಿಯೊ ಗೇಮ್ ಹೊರತಂದಿತು. ಅದರ ಅನ್ಯಗ್ರಹ ಜೀವಿಗಳನ್ನು ಟೈಲ್ಸ್‌ನಲ್ಲಿ ಮಾಡಿ ಗೋಡೆಗೆ ಅಂಟಿಸುವ ಕೆಲಸವನ್ನು ಒಬ್ಬ ಫ್ರೆಂಚ್ ಕಲಾವಿದ 1998ರಿಂದ ಪಟ್ಟು ಹಿಡಿದು ಮಾಡುತ್ತ ಬಂದಿದ್ದಾನೆ. ತನ್ನನ್ನು ‘ಇನ್ವೇಡರ್’ ಎಂದು ಕರೆದುಕೊಳ್ಳುತ್ತಾನೆ, ಮುಖ ತೋರಿಸುವುದಿಲ್ಲ. ಜಗತ್ತಿನಾದ್ಯಂತ ಅಂಥ 4,000ಕ್ಕೂ ಹೆಚ್ಚು ಮೊಸಾಯಿಕ್‌ಗಳಿವೆ, ಪ್ಯಾರಿಸ್ ಒಂದರಲ್ಲೇ 2024ರ ವೇಳೆಗೆ ಸಂಖ್ಯೆ 1,500 ಮುಟ್ಟಿತು. 2008ರಲ್ಲಿ ವಾರಾಣಸಿಗೆ, 2018ರಲ್ಲಿ ಭೂತಾನಿಗೆ ಅವು ಬಂದವು. 2012ರಲ್ಲಿ ಮೆಕ್ಸಿಕೊದ ಕಾಂಕೂನ್ ಬಳಿ ಸಮುದ್ರದ ತಳಕ್ಕೆ ಇಳಿದವು. 2015ರಲ್ಲಿ ಅಂಥದ್ದೊಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನೂ ಸೇರಿತು. ಫ್ರಾನ್ಸಿನ ಮೊಂಪೆಲಿಯೆ ಊರಲ್ಲಿ ಆತ ಅಂಟಿಸಿದ ಜಾಗಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿದರೆ ಊರಿನ ಅಗಲಕ್ಕೂ ಆ ಆಟದ ಜೀವಿಯ ದೊಡ್ಡ ಆಕಾರವೇ ಮೂಡುತ್ತದೆ. ಬೀದಿಯಲ್ಲಿ ನಿಂತವರಿಗೆ ಅದು ಕಾಣುವಂತಿಲ್ಲ.

ಹೆಸರು ಬಚ್ಚಿಡಲು ಮೊದಲ ಕಾರಣ ತೀರ ಲೌಕಿಕವಾದದ್ದು. ಅನುಮತಿಯಿಲ್ಲದೆ ಇನ್ನೊಬ್ಬರ ಗೋಡೆ ಮುಟ್ಟುವುದು ಬಹುತೇಕ ಎಲ್ಲ ದೇಶಗಳಲ್ಲೂ ಅಪರಾಧ. ಫ್ರಾನ್ಸಿನಲ್ಲಿ ಗೋಡೆಗೆ ಆದ ಹಾನಿ ಅಲ್ಪವಾಗಿದ್ದರೂ ದಂಡ 3,750 ಯೂರೊವರೆಗೆ ಹೋಗಬಹುದು. ನಮ್ಮಲ್ಲೂ ಬಯಲು ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯುವ ಕರ್ನಾಟಕದ ಕಾಯ್ದೆ 1981ರಷ್ಟು ಹಿಂದೆಯೇ ಬಂದಿದೆ. ಅದೇ 1981ರಲ್ಲಿ ಪ್ಯಾರಿಸ್‌ನ ಗೋಡೆಗಳ ಮೇಲೆ ಕಪ್ಪು ಇಲಿಗಳು ಓಡಲಾರಂಭಿಸಿದವು. ಅವನ್ನು ಬಿಡಿಸುತ್ತಿದ್ದವನ ಅಂಕಿತ ‘ಬ್ಲೆಕ್ ಲೆ ರಾ’, ಫ್ರೆಂಚ್‌ನಲ್ಲಿ ‘ರಾ’ ಅಂದರೆ ಇಲಿ. ಇಂದು ಜಗತ್ತಿನ ಬೀದಿಗಳಲ್ಲಿ ಕಾಣುವ ಸ್ಟೆನ್ಸಿಲ್ (ಕತ್ತರಿಸಿದ ಹಾಳೆಯ ಮೂಲಕ ಬಣ್ಣ ಹೊಡೆದ) ಚಿತ್ರಗಳಿಗೆ ದಾರಿ ಮಾಡಿಕೊಟ್ಟವರಲ್ಲಿ ಆತ ಮೊದಲಿಗ. 1991ರಲ್ಲಿ ಇಟಲಿಯ ಹಳೆಯ ಚಿತ್ರಕಾರ ಕ್ಯಾರವಾಜಿಯೊನ ಮಾತೆ-ಮಗುವಿನ ಚಿತ್ರವನ್ನು ಗೋಡೆಗೆ ಹೊಡೆಯುವಾಗ ಪೊಲೀಸರ ಕೈಗೆ ಸಿಕ್ಕಿಬಿದ್ದ, ಹೆಸರೂ ಹೊರಬಂತು. ಆಮೇಲೆ ಆತ ಕ್ರಮ ಬದಲಿಸಿದ. ಚಿತ್ರವನ್ನು ಮನೆಯಲ್ಲೇ ಕಾಗದದ ಮೇಲೆ ಸ್ಟೆನ್ಸಿಲ್ ಹೊಡೆದು ತಂದು ಬೀದಿಯಲ್ಲಿ ಬರೀ ಅಂಟಿಸತೊಡಗಿದ. ಗೋಡೆಯ ಮುಂದೆ ನಿಲ್ಲುವ ಹೊತ್ತೂ ಕಡಿಮೆಯಾಯಿತು, ಸಿಕ್ಕಿಬಿದ್ದರೆ ತಪ್ಪಿನ ತೂಕವೂ ಇಳಿಯಿತು. ಬೀದಿಕಲೆಯಲ್ಲಿ ಕೈಚಳಕದ ಬಗೆಯನ್ನು ಎಷ್ಟೋ ಸಲ ತೀರ್ಮಾನಿಸುವುದು ಗಡಿಯಾರ.

ಇಲ್ಲಿ ನಮ್ಮ ಕಡೆಯ ಒಂದು ಸಂಗತಿ ನೆನಪಾಗುತ್ತದೆ. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ಶಿಲ್ಪಗಳ ಪೀಠದ ಮೇಲೆ ಶಿಲ್ಪಿಗಳು ತಮ್ಮ ಹೆಸರನ್ನು ಬಿರುದಿನ ಸಮೇತ ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಮುಂದೆ ಸೋಮನಾಥಪುರದಲ್ಲಿ ಮಲ್ಲಿತಮ್ಮ. ‘ಹಳೆಯ ಕಲೆಯೆಲ್ಲ ಅನಾಮಧೇಯ’ ಎಂಬ ಮಾತು ಹೊಯ್ಸಳರ ಮಟ್ಟಿಗೆ ಸುಳ್ಳು. ಅರಸನ ಅಪ್ಪಣೆ ಇದ್ದಲ್ಲಿ ಸಹಿ ಹೆಮ್ಮೆಯಾಗುತ್ತದೆ, ಅಪ್ಪಣೆ ಇಲ್ಲದಲ್ಲಿ ಅದೇ ಸಹಿ ಪುರಾವೆಯಾಗುತ್ತದೆ. ಇನ್ನೂ ಒಂದು ಬಗೆ ಇದೆ. 2009ರ ಹೊತ್ತಿಗೆ ಬೆಂಗಳೂರಿನ ಕಾಂಪೌಂಡ್ ಗೋಡೆಗಳ ಮೇಲೆ ಪಾಲಿಕೆ ಕಾಡು, ಅರಮನೆ, ಜಲಪಾತಗಳನ್ನು ಬರೆಸಿತಲ್ಲ, ಅವನ್ನು ಬರೆದವರಲ್ಲಿ ಬಹಳಷ್ಟು ಮಂದಿ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು, ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡವರು. ಅವರ ಹೆಸರೂ ಜನರಿಗೆ ತಿಳಿಯಲಿಲ್ಲ. ತಾನಾಗಿ ಆರಿಸಿಕೊಂಡ ಅನಾಮಧೇಯತೆ ಬೇರೆ, ಯಾರೂ ಹೆಸರು ಕೇಳದೆ ಉಳಿದದ್ದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ‘ಆಹಾ, ಅನಾಮಿಕ ಕಲೆ’ ಎಂದು ಹೊಗಳುವುದು ಆ ಬ್ಯಾನರ್ ಕಲಾವಿದರಿಗೆ ಮಾಡುವ ಅನ್ಯಾಯ.

ಇನ್ನು ಗೋಡೆಗೆ ಬರೋಣ. ಪ್ರವಾಸಿಗರ ಕಣ್ಣಿಗೆ ಹೆಚ್ಚಾಗಿ ಬೀಳುವವು ಮೂರು ಬಗೆ: ಸ್ಟೆನ್ಸಿಲ್, ಕಾಗದ ಅಂಟಿಸಿದ್ದು, ಟೈಲ್ಸ್. ಒಂದೊಂದೂ ತನ್ನ ಗುರುತು ಬಿಟ್ಟೇ ಹೋಗುತ್ತದೆ.

ಸ್ಟೆನ್ಸಿಲ್ ಅಂದರೆ ಹಾಳೆಯಲ್ಲಿ ಆಕಾರ ಕತ್ತರಿಸಿ, ಗೋಡೆಗೆ ಒತ್ತಿ ಹಿಡಿದು, ತೆರೆದ ಜಾಗಕ್ಕೆ ಬಣ್ಣ ಹೊಡೆಯುವುದು. ನಮ್ಮ ಕರೆಂಟ್ ಕಂಬದ ಮೇಲಿನ ನಂಬರು, ಗೋಣಿಚೀಲದ ಮೇಲಿನ ಗುರುತು ಎಲ್ಲ ಇದೇ ವಿದ್ಯೆ. ಒಂದೇ ಸಲ ಬಳಸುವುದಾದರೆ 250ರಿಂದ 300 ಜಿಎಸ್‌ಎಂ (ಚದರ ಮೀಟರ್‌ಗೆ ಇಷ್ಟು ಗ್ರಾಂ ಎಂಬ ಲೆಕ್ಕ) ರಟ್ಟು ಸಾಕು. ಹತ್ತಾರು ಕಡೆ ಹೊಡೆಯಬೇಕಾದರೆ ಪ್ಲಾಸ್ಟಿಕ್ ಹಾಳೆ ಬೇಕು, ಏಕೆಂದರೆ ರಟ್ಟು ಬಣ್ಣ ಕುಡಿದು ಅಂಚಿನಲ್ಲಿ ಮೆತ್ತಗಾಗುತ್ತದೆ. ಹಳೆಯ ಎಕ್ಸ್‌ರೇ ಫಿಲ್ಮ್ ಇದಕ್ಕೆ ಬಲು ಒಳ್ಳೆಯದು.

ಕಷ್ಟ ಇರುವುದು ಕತ್ತರಿಸುವುದರಲ್ಲಿ. ಕನ್ನಡದಲ್ಲಿ ‘ರಂಗ’ ಎಂದು ಬರೆದು ಕತ್ತರಿಸಿ ನೋಡಿ. ‘ರ’ದ ಹೊಟ್ಟೆ, ಸೊನ್ನೆಯ ಹೊಟ್ಟೆ ಎರಡೂ ಹಾಳೆಯಿಂದ ಬೇರ್ಪಟ್ಟು ನೆಲಕ್ಕೆ ಉದುರುತ್ತವೆ. ‘ಗ’ ಮಾತ್ರ ಉಳಿಯುತ್ತದೆ, ಅದರ ಕೆಳಗೆ ಬಾಯಿ ತೆರೆದಿದೆ. ಸುತ್ತ ಮುಚ್ಚಿಕೊಂಡ ಇಂಥ ತುಂಡುಗಳನ್ನು ಹಿಡಿದಿಡಲು ಅಲ್ಲಲ್ಲಿ 3ರಿಂದ 5 ಮಿಲಿಮೀಟರ್ ಅಗಲದ ಸೇತುವೆ ಬಿಟ್ಟು ಕತ್ತರಿಸಬೇಕು. ಕಂಬದ ಮೇಲಿನ ಸೊನ್ನೆ ಎರಡು ಅರ್ಧಚಂದ್ರಗಳಂತೆ ಒಡೆದು ಕಾಣುವುದು ಈ ಸೇತುವೆಯಿಂದ. ಸೇತುವೆ ಸಣ್ಣದಾದರೆ ಹಾಳೆ ಎತ್ತುವಾಗ ಹರಿಯುತ್ತದೆ, ದಪ್ಪವಾದರೆ ಚಿತ್ರ ತುಂಡುತುಂಡಾಗಿ ಕಾಣುತ್ತದೆ. ಒಳ್ಳೆಯ ಕೆಲಸಗಾರರು ಸೇತುವೆಯನ್ನು ಚಿತ್ರದೊಳಗೇ ಅಡಗಿಸುತ್ತಾರೆ: ಮುಖದ ಸುಕ್ಕಿನ ಜಾಗದಲ್ಲಿ, ಸೆರಗಿನ ನೆರಿಗೆಯಲ್ಲಿ, ಇಲಿಯ ಮೀಸೆಯ ಸಾಲಿನಲ್ಲಿ. ಗೋಡೆಯ ಮೇಲಿನ ಮುಖವೊಂದನ್ನು ನೋಡುವಾಗ ಬಣ್ಣ ತಾಕದ ಗೆರೆಗಳನ್ನು ಹಿಂಬಾಲಿಸಿ ಹೋಗಿ. ಯಾವ ತುಂಡನ್ನು ಯಾವುದಕ್ಕೆ ಕಟ್ಟಿ ನಿಲ್ಲಿಸಿದ್ದಾರೆ ಎಂಬುದು ತಿಳಿದರೆ ಅದನ್ನು ಕತ್ತರಿಸಿದವರ ಬುದ್ಧಿ ಕಾಣುತ್ತದೆ.

ಬಣ್ಣ ಹೊಡೆಯುವಾಗ ಡಬ್ಬಿ ಗೋಡೆಯಿಂದ 15ರಿಂದ 20 ಸೆಂಟಿಮೀಟರ್ ದೂರದಲ್ಲಿ, ನೇರವಾಗಿ ಇರಬೇಕು. ಹತ್ತಿರ ಹಿಡಿದರೆ ಬಣ್ಣ ಒಂದೇ ಕಡೆ ಸೇರಿ ಸೋರುತ್ತದೆ. ಓರೆ ಹಿಡಿದರೆ ಹಾಳೆಯ ಅಡಿಗೆ ನುಗ್ಗಿ ಅಂಚು ಮಸುಕಾಗುತ್ತದೆ. ಒಂದೇ ದಪ್ಪ ಪದರ ಹೊಡೆಯುವುದು ಆತುರಗಾರರ ತಪ್ಪು, ಎರಡು ಮೂರು ತೆಳು ಪದರ ಹೊಡೆಯುವುದು ಕಸುಬು. ಇಷ್ಟೆಲ್ಲ ಸರಿಯಿದ್ದರೂ ಗೋಡೆ ಒರಟಾಗಿದ್ದರೆ ಹಾಳೆಗೂ ಗಾರೆಗೂ ನಡುವೆ ಸಂದು ಉಳಿಯುತ್ತದೆ, ಬಣ್ಣದ ದೂಳು ಅದರಲ್ಲಿ ಇಳಿಯುತ್ತದೆ. ಹಾಗಾಗಿ ನಯವಾದ ಕಲ್ಲು, ತಗಡಿನ ಪೆಟ್ಟಿಗೆ, ರೋಲಿಂಗ್ ಶಟರ್‌ನ ಚೌಕಟ್ಟು ಇವುಗಳ ಮೇಲೆ ಸ್ಟೆನ್ಸಿಲ್ ಗರಿಗರಿಯಾಗಿ ಕೂರುತ್ತದೆ, ಸಿಮೆಂಟ್ ಎರಚಿದ ಗೋಡೆಯ ಮೇಲೆ ಮಂಜಾಗುತ್ತದೆ.

ಗೋಡೆ ಬಿಟ್ಟುಕೊಡುವ ಗುಟ್ಟು ಇನ್ನೂ ಒಂದಿದೆ. ಚಿತ್ರದಿಂದ ತುಸು ಆಚೆಗೆ, ಆಯತಾಕಾರದ ಅಂಚಿನ ಹಾಗೆ, ಬಣ್ಣದ ತೆಳು ಹೊಗೆ ಕಾಣುತ್ತದೆಯೇ ನೋಡಿ. ಡಬ್ಬಿಯ ತುಂತುರು ಹಾಳೆಯ ಹೊರಗೆ ಬಿದ್ದ ಗುರುತು ಅದು. ಅದನ್ನು ಅಳೆದರೆ ಹಾಳೆ ಎಷ್ಟು ದೊಡ್ಡದಿತ್ತು, ಒಬ್ಬರೇ ಹಿಡಿದು ಹೊಡೆಯಬಹುದಿತ್ತೋ ಇಬ್ಬರು ಬೇಕಿತ್ತೋ ಅಂದಾಜಾಗುತ್ತದೆ. ಎರಡು ಮೂರು ಬಣ್ಣಗಳಿದ್ದರೆ ಒಂದೊಂದಕ್ಕೂ ಒಂದೊಂದು ಹಾಳೆ. ಅವು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಲು ಮೂಲೆಯಲ್ಲಿ ಚುಕ್ಕೆಯೋ ಕೂಡುಗುರುತೋ ಇಟ್ಟಿರುತ್ತಾರೆ. ಬಿಳಿಯ ಪದರ ಕಪ್ಪಿನಿಂದ ಎರಡು ಮಿಲಿಮೀಟರ್ ಜಾರಿದ್ದರೆ ಕತ್ತಲಲ್ಲೋ ಗಡಿಬಿಡಿಯಲ್ಲೋ ಮಾಡಿದ್ದು ಎಂದುಕೊಳ್ಳಬಹುದು.

ಕಾಗದ ಅಂಟಿಸುವ ಬಗೆ ಕರ್ನಾಟಕದವರಿಗೆ ಹೇಳಿಕೊಡಬೇಕಾದದ್ದೇನಲ್ಲ. ಸಿನಿಮಾ ಪೋಸ್ಟರ್ ಅಂಟಿಸುವವರು ಬಕೆಟ್ಟಿನಲ್ಲಿ ಕಲಸಿಕೊಂಡು ಬರುವ ಮೈದಾ ಅಂಟನ್ನೇ ಬರ್ಲಿನ್, ಲಂಡನ್, ಪ್ಯಾರಿಸ್‌ಗಳ ಬೀದಿ ಕಲಾವಿದರೂ ಬಳಸುತ್ತಾರೆ. ಒಂದು ಲೋಟ ಮೈದಾವನ್ನು ಎರಡು ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ ನಾಲ್ಕೈದು ಲೋಟ ನೀರಿಗೆ ಸುರಿಯುತ್ತ ತಿರುವಬೇಕು, ರಾಗಿ ಅಂಬಲಿಗೆ ಹಿಟ್ಟು ಬಿಡುವ ಹಾಗೆಯೇ. ಬಿಸಿಗೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಬಿಳಿಯ ಹಾಲು ಪಾರದರ್ಶಕ ಗಂಜಿಯಾಗುತ್ತದೆ. ಅಲ್ಲಿಗೆ ಒಲೆ ಆರಿಸಬೇಕು. ಬಿಳಿ ಇರುವಾಗಲೇ ಇಳಿಸಿದರೆ ಅಂಟು ಹಿಡಿಯುವುದಿಲ್ಲ. ಎರಡು ದಿನ ಇಟ್ಟರೆ ಹುಳಿದು ನಾರುತ್ತದೆ. ಹುಳ, ಬೂಸ್ಟು ಬರದಿರಲೆಂದು ನಮ್ಮಲ್ಲಿ ಚಿಟಿಕೆ ಮೈಲುತುತ್ತ ಸೇರಿಸುವ ರೂಢಿಯಿದೆ. ಅದು ವಿಷ. ಪೋಸ್ಟರ್ ಕಿತ್ತು ತಿನ್ನುವ ಹಸುಗಳಿರುವ ಬೀದಿಗಳಲ್ಲಿ ಅದನ್ನು ಬೆರೆಸಲೇಬಾರದು.

ಕಾಗದ ತೆಳುವಾಗಿದ್ದಷ್ಟೂ ಒಳ್ಳೆಯದು. 45ರಿಂದ 60 ಜಿಎಸ್‌ಎಂ ಪತ್ರಿಕೆ ಕಾಗದ ಅಂಟು ಕುಡಿದು ಗೋಡೆಯ ಚರ್ಮವೇ ಆಗಿಬಿಡುತ್ತದೆ, ಇಟ್ಟಿಗೆಯ ಸಂದಿಗೂ ಇಳಿಯುತ್ತದೆ. ದಪ್ಪ ಕಾಗದ ಒಣಗುವಾಗ ಸುರುಳಿ ಸುತ್ತಿ ಅಂಚು ಎಬ್ಬಿಸುತ್ತದೆ, ಎದ್ದ ಅಂಚು ಕಂಡವರ ಕೈ ಸುಮ್ಮನಿರುವುದಿಲ್ಲ. ಗೋಡೆಗೆ ಒಂದು ಪದರ ಅಂಟು, ಕಾಗದ, ಅದರ ಮೇಲೆ ಮತ್ತೊಂದು ಪದರ ಅಂಟು. ಬ್ರಷ್ಷನ್ನು ನಡುವಿನಿಂದ ಹೊರಕ್ಕೆ ಎಳೆಯಬೇಕು. ಹೊರಗಿನಿಂದ ಒಳಕ್ಕೆ ಎಳೆದರೆ ಗಾಳಿ ನಡುವೆ ಸಿಕ್ಕಿ ಗುಳ್ಳೆಯಾಗುತ್ತದೆ. ಇಂಕ್‌ಜೆಟ್‌ನಲ್ಲಿ ಮುದ್ರಿಸಿ ತಂದರೆ ಒದ್ದೆ ಅಂಟಿಗೆ ಶಾಯಿ ಕರಗಿ ಹರಿಯುತ್ತದೆ. ಟೋನರ್ ಬಳಸುವ ಲೇಸರ್ ಅಥವಾ ಜೆರಾಕ್ಸ್ ಪ್ರತಿ ಹಾಗೇ ನಿಲ್ಲುತ್ತದೆ. ಬೀದಿಯ ಕಾಗದದ ಚಿತ್ರಗಳು ಬಹಳಷ್ಟು ಕಪ್ಪು ಬಿಳುಪಿನಲ್ಲಿರುವುದಕ್ಕೆ ಇದೂ ಒಂದು ಕಾರಣ, ಅಗ್ಗದ ದೊಡ್ಡ ಜೆರಾಕ್ಸ್.

ಕಾಗದದ ವಯಸ್ಸು ಹೇಳುವುದು ಸುಲಭ. ಪತ್ರಿಕೆ ಕಾಗದ ಬಿಸಿಲಿಗೆ ಕೆಲವೇ ವಾರಗಳಲ್ಲಿ ಹಳದಿಗೆ ತಿರುಗುತ್ತದೆ. ಮಳೆ ಮೊದಲು ಮೇಲಂಚಿನಿಂದ ಒಳಹೊಕ್ಕು ಕಾಗದವನ್ನು ಕೆಳಮುಖವಾಗಿ ಬಿಡಿಸುತ್ತದೆ. ಗೋಡೆಯೇ ತೇವ ಹಿಡಿದಿದ್ದರೆ ಕಾಗದ ಉಬ್ಬಿ ಹಿಂದೆ ಬಿಳಿಯ ಉಪ್ಪು ಕಟ್ಟಿರುತ್ತದೆ. ಹಾಗಿದ್ದರೆ ಅಲ್ಲಿ ಮುಂದೆಯೂ ಏನೂ ಬಹಳ ದಿನ ನಿಲ್ಲದು. ಒಂದರ ಮೇಲೊಂದು ಅಂಟಿದ ಪದರ ಹರಿದಲ್ಲಿ ಕೆಳಗಿನ ಚಿತ್ರದ ಕಣ್ಣೋ ಕೈಯೋ ಇಣುಕುತ್ತದೆ. ನನ್ನ ದೃಷ್ಟಿಯಲ್ಲಿ ಬೀದಿಕಲೆಯ ಅತ್ಯಂತ ಸುಂದರ ಗಳಿಗೆ ಅದು. ಅದನ್ನು ಯಾವ ಕಲಾವಿದನೂ ಯೋಜಿಸಿರುವುದಿಲ್ಲ.

ಮೂರನೆಯದು ಟೈಲ್ಸ್. ಇಲ್ಲಿ ಲೆಕ್ಕಾಚಾರ ಹೆಚ್ಚು, ಆಯಸ್ಸೂ ಹೆಚ್ಚು. ಆಟದಲ್ಲಿನ ಏಡಿಯ ಅಗಲ 11 ಚೌಕ, ಎತ್ತರ 8 ಚೌಕ. ಸುತ್ತ ಒಂದೊಂದು ಸಾಲು ಹಿನ್ನೆಲೆ ಸೇರಿಸಿದರೆ 13 × 10, ಅಂದರೆ 130 ಬಿಲ್ಲೆ. ಬಿಲ್ಲೆಯ ಬದಿ 2.5 ಸೆಂಟಿಮೀಟರ್ ಇದ್ದರೆ ಒಟ್ಟು ಚಿತ್ರ 32.5 × 25 ಸೆಂಟಿಮೀಟರ್, ತೂಕ ಅಂಟಿನ ಸಮೇತ ಸುಮಾರು ಒಂದು ಕಿಲೊ. ಇಷ್ಟನ್ನು ಮೂರು ಮೀಟರ್ ಎತ್ತರದಲ್ಲಿ ಒಂದೊಂದೇ ಬಿಲ್ಲೆಯಾಗಿ ಅಂಟಿಸುತ್ತ ನಿಂತರೆ ಬೆಳಗಾಗುತ್ತದೆ. ಹಾಗಾಗಿ ಬಿಲ್ಲೆಗಳನ್ನು ಮೊದಲೇ ಒಂದು ಹಾಳೆಯ ಮೇಲೆ ಜೋಡಿಸಿ ತಂದು, ಹಿಂಬದಿಗೆ ಸಿಮೆಂಟ್ ಅಂಟು ಬಳಿದು, ಏಣಿ ಹತ್ತಿ ಒಂದೇ ಪಟ್ಟಿಗೆ ಒತ್ತಿಬಿಡಬೇಕು. ಮನೆ ಕಟ್ಟಿಸಿದವರಿಗೆ ಇದು ಹೊಸತಲ್ಲ. ನೆಟ್‌ಗೆ ಅಂಟಿಸಿದ ಮೊಸಾಯಿಕ್ ಹಾಳೆಯನ್ನು ಗಾರೆ ಕೆಲಸದವರು ಅಡುಗೆಮನೆಗೆ ಕೂರಿಸುವುದೂ ಹೀಗೆಯೇ.

ಎಡವಟ್ಟಾಗುವುದು ಎಲ್ಲಿ? ಹಳೆಯ ಸುಣ್ಣ ಅಥವಾ ಪೇಂಟು ಇರುವ ಗೋಡೆಯಲ್ಲಿ ಅಂಟು ಹಿಡಿಯುವುದು ಗೋಡೆಯನ್ನಲ್ಲ, ಬಣ್ಣದ ಸಿಪ್ಪೆಯನ್ನು. ಸಿಪ್ಪೆ ಎದ್ದ ದಿನ ಚಿತ್ರವೂ ಕೆಳಗೆ. ದೂಳು ಒರೆಸದಿದ್ದರೂ ಅದೇ ಗತಿ. ಯುರೋಪಿನ ಚಳಿಗಾಲದಲ್ಲಿ ಉಷ್ಣಾಂಶ 5 ಡಿಗ್ರಿಗಿಂತ ಕೆಳಗಿದ್ದರೆ ಸಿಮೆಂಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಬಿಲ್ಲೆಗಳ ನಡುವೆ ಸಂದು ತುಂಬದಿದ್ದರೆ ಮಳೆನೀರು ಒಳಗಿಳಿದು, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ, ಒಂದೊಂದೇ ಬಿಲ್ಲೆಯನ್ನು ಹೊರಕ್ಕೆ ತಳ್ಳುತ್ತದೆ. ಇವೆಲ್ಲ ದಾಟಿ ನಿಂತರೂ ಪ್ಯಾರಿಸ್‌ನಲ್ಲಿ ಕಟ್ಟಡದ ಮುಖವನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಶುಚಿಗೊಳಿಸಿ ಸುಸ್ಥಿತಿಯಲ್ಲಿಡಬೇಕೆಂಬ ನಿಯಮವಿದೆ. ಅಟ್ಟಣಿಗೆ ಕಟ್ಟಿದ ದಿನ ಚಿತ್ರದ ಆಯಸ್ಸು ಮುಗಿಯಬಹುದು.

ಗೋಡೆಯಷ್ಟೇ ಮುಖ್ಯ ಜಾಗದ ಆಯ್ಕೆ. ಎತ್ತರ ನೋಡಿದರೆ ಕೆಲಸದ ಬಗೆ ಗೊತ್ತಾಗುತ್ತದೆ: ಒಂದೂವರೆ ಮೀಟರ್ ಎತ್ತರದ್ದು ನೆಲದ ಮೇಲೆ ನಿಂತು ಹೊಡೆದದ್ದು, ಎರಡೂವರೆಯದು ಇನ್ನೊಬ್ಬರ ಹೆಗಲೇರಿಯೋ ಸ್ಟೂಲ್ ಹತ್ತಿಯೋ, ಮೂರು ದಾಟಿದರೆ ಏಣಿ. ಬೀದಿ ಮೂಲೆಯನ್ನು ಆರಿಸಿದರೆ ಎರಡು ದಾರಿಯವರಿಗೂ ಕಾಣುತ್ತದೆ. ಮುನ್ಸಿಪಾಲಿಟಿಯ ಕರೆಂಟ್ ಪೆಟ್ಟಿಗೆ, ಪಾಳು ಅಂಗಡಿಯ ಬಾಗಿಲು, ಕಟ್ಟಡ ಕೆಲಸದ ತಗಡಿನ ಬೇಲಿ ಇವು ಯಾರದೂ ಅಲ್ಲದಂತೆ ಕಾಣುವ ಜಾಗಗಳು, ಬೇಗ ಅಳಿಸುವವರಿಲ್ಲ. ಒಳ್ಳೆಯ ಕೆಲಸ ಜಾಗದಿಂದಲೇ ಹುಟ್ಟಿರುತ್ತದೆ. ಗೋಡೆಯ ಬಿರುಕೇ ಮರದ ಕೊಂಬೆಯಾಗಿರುತ್ತದೆ, ಮಳೆನೀರಿನ ಪೈಪೇ ಆನೆಯ ಸೊಂಡಿಲಾಗಿರುತ್ತದೆ. ಅದನ್ನು ಕಿತ್ತು ಬೇರೆ ಕಡೆ ಇಟ್ಟರೆ ಅರ್ಥವೇ ಉಳಿಯದು. ಪ್ರವಾಸಿಗರಿಗೆ ಅದು ‘ಇಲ್ಲಿ ಬಂದದ್ದಕ್ಕೇ ಸಿಕ್ಕಿತು’ ಎನಿಸುವುದು ಈ ಕಾರಣಕ್ಕೆ. ಆ ಅನಿಸಿಕೆ ಭ್ರಮೆಯಲ್ಲ, ವಸ್ತುಸ್ಥಿತಿ.

ಅನಾಮಧೇಯ ಅಂದಾಕ್ಷಣ ಕಾನೂನುಬಾಹಿರ ಎಂದುಕೊಳ್ಳಬೇಕಿಲ್ಲ. ದೆಹಲಿಯ ಲೋಧಿ ಕಾಲೊನಿಯಲ್ಲಿ ಅನುಮತಿ ಪಡೆದೇ ಬರೆಸಿದ ದೊಡ್ಡ ಗೋಡೆಚಿತ್ರಗಳ ನಡುವೆ ‘ಡಾಕು’ ಎಂಬ ಅಂಕಿತದ, ಮುಖ ತೋರಿಸದ ಕಲಾವಿದನ ಕೆಲಸವೊಂದಿದೆ. ಗೋಡೆಯಿಂದ ಅಕ್ಷರಗಳು ಹೊರಚಾಚಿಕೊಂಡಿವೆ, ಬಣ್ಣವಿಲ್ಲ. ಬಿಸಿಲು ಮೇಲೇರಿದಾಗ ಆ ಅಕ್ಷರಗಳ ನೆರಳು ಗೋಡೆಯ ಮೇಲೆ ಬಿದ್ದು ಪದಗಳಾಗುತ್ತದೆ, ಕಾಲ ಏನನ್ನೆಲ್ಲ ಬದಲಿಸುತ್ತದೆ ಎಂದು ಹೇಳುವ ಪದಗಳು. ಹೊತ್ತು ಜಾರಿದಂತೆ ನೆರಳು ಓರೆಯಾಗಿ ಓದಲಾಗದಂತೆ ಆಗುತ್ತದೆ. ಮೋಡದ ದಿನ ಹೋದರೆ ಏನೂ ಇಲ್ಲ. ಲೋಧಿಗೆ ಹೋಗುವವರು ಬಿಸಿಲಿರುವ ದಿನ, ಮಧ್ಯಾಹ್ನಕ್ಕೆ ಹತ್ತಿರದ ಹೊತ್ತು ಆರಿಸಿಕೊಳ್ಳಬೇಕು.

ನಮಗೆ ಇನ್ನೂ ಹತ್ತಿರದ್ದು ಫೋರ್ಟ್ ಕೊಚ್ಚಿ. 2012ರಲ್ಲಿ ಅಲ್ಲಿ ಬಿನಾಲೆ ಎಂಬ, ಎರಡು ವರ್ಷಕ್ಕೊಮ್ಮೆಯ ಕಲಾಪ್ರದರ್ಶನ ಶುರುವಾದ ಮೇಲೆ ಗೋಡೆಗಳಿಗೆ ಹೊಸ ಜೀವ ಬಂತು. ‘ಗೆಸ್ ಹೂ’ ಎಂದು ತನ್ನನ್ನು ಕರೆದುಕೊಳ್ಳುವ ಅನಾಮಧೇಯ ಕಲಾವಿದನ ಸ್ಟೆನ್ಸಿಲ್‌ಗಳೂ ಅಲ್ಲಿ ಕಾಣಿಸಿಕೊಂಡವು. ಆದರೆ ಅಲ್ಲಿನ ಮಳೆ ಯಾವ ಪೊಲೀಸರಿಗಿಂತಲೂ ಕಟ್ಟುನಿಟ್ಟು. ಹಳೆಯ ಗೋಡೆಗಳ ಸುಣ್ಣದ ಗಾರೆ ನೀರು ಕುಡಿಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ ಬುಡದಿಂದ ಮೇಲಕ್ಕೆ ಏರುತ್ತದೆ, ಬಣ್ಣದ ಅಡಿಯ ಗಾರೆ ಉಬ್ಬಿ ಹೊಪ್ಪಳೆಯಾಗಿ ಉದುರುತ್ತದೆ. ಕಳೆದ ವರ್ಷದ ಫೋಟೊ ನೋಡಿಕೊಂಡು ಹೋದರೆ ಅರ್ಧ ಚಿತ್ರ ಸಿಕ್ಕೀತು. ಮಳೆ ಮುಗಿದು ಗೋಡೆ ಒಣಗಿದ ಮೇಲೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೋಗುವುದು ಒಳ್ಳೆಯದು.

ಹುಡುಕುವವರಿಗೆ ಕೆಲವು ಮಾತು. ಭಾನುವಾರ ಬೆಳಗ್ಗೆ ಅಂಗಡಿಗಳ ಶಟರ್ ಇಳಿದಿರುತ್ತವೆ, ವಾರವೆಲ್ಲ ಸುತ್ತಿಕೊಂಡಿದ್ದ ಚಿತ್ರಗಳು ಆಗ ಬಿಚ್ಚಿಕೊಳ್ಳುತ್ತವೆ. ಬೆಳಗಿನ ಓರೆ ಬಿಸಿಲಿನಲ್ಲಿ ಕಾಗದದ ಅಂಚು, ಟೈಲ್ಸ್‌ನ ಉಬ್ಬು, ಬಣ್ಣದ ಪದರ ಎದ್ದು ಕಾಣುತ್ತವೆ, ನೆತ್ತಿಯ ಬಿಸಿಲಿನಲ್ಲಿ ಎಲ್ಲ ಚಪ್ಪಟೆ. ಒಂದೇ ಬೀದಿಯನ್ನು ಎರಡೂ ದಿಕ್ಕಿನಿಂದ ನಡೆಯಿರಿ. ಬರುವಾಗ ಬೆನ್ನಿಗಿದ್ದ ಮೂಲೆ ಹೋಗುವಾಗ ಎದುರಾಗುತ್ತದೆ. ಫೋಟೊ ಮೂರು ತೆಗೆಯಿರಿ: ಬೀದಿಯ ಹೆಸರಿನ ಫಲಕವೋ ಅಂಗಡಿಯೋ ಬರುವಂತೆ ದೂರದಿಂದ ಒಂದು, ಚಿತ್ರಕ್ಕೆ ನೇರವಾಗಿ ಒಂದು, ಅಂಚನ್ನು ಹತ್ತಿರದಿಂದ ಒಂದು. ಬಹುಪಾಲು ಜನ ಎರಡನೆಯದನ್ನು ಮಾತ್ರ ತೆಗೆಯುತ್ತಾರೆ. ವರ್ಷ ಕಳೆದ ಮೇಲೆ ಅದು ಯಾವ ಊರಿನ ಯಾವ ಗೋಡೆ ಎಂದು ಅವರಿಗೇ ತಿಳಿಯುವುದಿಲ್ಲ. ಇನ್ವೇಡರ್‌ನ ಚಿತ್ರಗಳಿಗಾದರೆ 2014ರಿಂದ ಫ್ಲ್ಯಾಶ್‌ಇನ್ವೇಡರ್ಸ್ ಎಂಬ ಆ್ಯಪ್ ಇದೆ. ಗೋಡೆಯ ಮುಂದೆ ನಿಂತು ಫೋಟೊ ತೆಗೆದರೆ 10ರಿಂದ 100ರವರೆಗೆ ಅಂಕ ಸಿಗುತ್ತದೆ, ಒಂದು ಚಿತ್ರಕ್ಕೆ ಒಮ್ಮೆ ಮಾತ್ರ. ಎಲ್ಲಿದೆ ಎಂದು ಅದು ಹೇಳುವುದಿಲ್ಲ. ನಡೆಯಲೇಬೇಕು.

ಮಾಡಬಾರದ್ದೂ ಇದೆ. ಅಂಚು ಎದ್ದ ಕಾಗದವನ್ನು ನೆನಪಿಗೆಂದು ಕೀಳಬೇಡಿ, ಅಂಗೈಯಗಲ ತುಂಡು ಸಿಗುತ್ತದೆ, ಗೋಡೆಯಲ್ಲಿ ಉಳಿದದ್ದೂ ಹಾಳಾಗುತ್ತದೆ. ಕೆಲಸ ಮಾಡುತ್ತಿರುವವರು ಎದುರಾದರೆ ಮುಖದ ಫೋಟೊ ತೆಗೆಯಬೇಡಿ. ಹಂಪಿ, ಬಾದಾಮಿಯ ಕಲ್ಲಿನ ಮೇಲೆ ಮೊಳೆಯಿಂದ ಹೆಸರು, ಹೃದಯದ ಚಿತ್ರ ಗೀಚುವವರು ತಾವೂ ಗೋಡೆಕಲೆ ಮಾಡಿದ್ದೇವೆ ಎಂದುಕೊಳ್ಳಬಾರದು. ಅಲ್ಲಿ ಹೆಸರು ಮಾತ್ರ ಇದೆ, ಕೆಲಸ ಇಲ್ಲ. ಬೀದಿಯಲ್ಲಿ ಬಳಿದ ಬಣ್ಣದ ಮೇಲೆ ಮತ್ತೆ ಸುಣ್ಣ ಹೊಡೆಯಬಹುದು, ನೂರಾರು ವರ್ಷದ ಕಲ್ಲಿಗೆ ಬಿದ್ದ ಗೀರನ್ನು ಯಾರೂ ಮುಚ್ಚಲಾರರು.

ಇನ್ನು ಕಳವು. 2017ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಇಬ್ಬರು ನಗರಸಭೆಯ ಕೆಲಸಗಾರರ ವೇಷ ತೊಟ್ಟು, ಏಣಿ ಹಾಕಿ, ಹಾಡಹಗಲೇ ಇನ್ವೇಡರ್‌ನ ಹತ್ತಕ್ಕೂ ಹೆಚ್ಚು ಮೊಸಾಯಿಕ್‌ಗಳನ್ನು ಕಿತ್ತರು. ಆ ಬಟ್ಟೆ ತೊಟ್ಟವರನ್ನು ಯಾರು ತಾನೆ ಪ್ರಶ್ನಿಸುತ್ತಾರೆ? ಆದರೆ ಸಿಮೆಂಟ್ ಅಂಟಿನಿಂದ ಕೂರಿಸಿದ ಟೈಲ್ಸ್ ಇಡಿಯಾಗಿ ಬರುವುದಿಲ್ಲ. ಉಳಿ ಇಟ್ಟಲ್ಲೆಲ್ಲ ಒಡೆಯುತ್ತದೆ. ಕಿತ್ತವರ ಕೈಗೆ ಸಿಗುವುದು ಚೂರುಗಳ ಚೀಲ, ಅಂಗಡಿಯಿಂದ ಹೊಸ ಬಿಲ್ಲೆ ತಂದು ಜೋಡಿಸಿದರಷ್ಟೇ ಮತ್ತೆ ಚಿತ್ರ. ಕಲಾವಿದ ಸ್ವತಃ ಮಾರುವುದು ಬೀದಿಯ ಚಿತ್ರವನ್ನಲ್ಲ. ಪ್ರತಿ ಬೀದಿಚಿತ್ರಕ್ಕೆ ಪ್ರತಿಯಾಗಿ ಒಂದೇ ಒಂದು ಜೋಡಿಚಿತ್ರವನ್ನು ಅಂಥದ್ದೇ ಬಿಲ್ಲೆಗಳಿಂದ ಮಾಡಿ, ಗುರುತಿನ ಚೀಟಿಯೊಂದಿಗೆ ಕೊಡುತ್ತಾನೆ. ಆದ್ದರಿಂದ ‘ಬೀದಿಯಿಂದಲೇ ತಂದದ್ದು’ ಎಂದು ಯಾರಾದರೂ ಮಾರಲು ಬಂದರೆ ಅದಕ್ಕೆ ಕಾಸಿನ ಬೆಲೆಯಿಲ್ಲ ಎಂದು ತಿಳಿಯಿರಿ. 2014ರಲ್ಲಿ ಹಾಂಗ್‌ಕಾಂಗ್ ಆಡಳಿತವೇ ಹಲವನ್ನು ಕೀಳಿಸಿತು. ಜನ ಅಲ್ಲಿ ಬಹಿರಂಗವಾಗಿ ಬೇಸರ ವ್ಯಕ್ತಪಡಿಸಿದರು.

ಕಿತ್ತದ್ದನ್ನು ಮತ್ತೆ ಹಾಕುವವರೂ ಇದ್ದಾರೆ. ಹಳೆಯ ಫೋಟೊದಿಂದ ಬಿಲ್ಲೆಗಳ ಸಂಖ್ಯೆ, ಬಣ್ಣ, ಅಳತೆ ಲೆಕ್ಕ ಹಾಕಿ, ಅದೇ ಬಣ್ಣದ ಟೈಲ್ಸ್ ಹುಡುಕಿ ತಂದು, ಅದೇ ಜಾಗದಲ್ಲಿ ಕೂರಿಸುತ್ತಾರೆ. ಅಭಿಮಾನಿಗಳೇ ಕಟ್ಟಿಕೊಂಡ ತಂಡಗಳು ಇವು, ಅವರ ಹೆಸರೂ ಗೋಡೆಯ ಮೇಲಿಲ್ಲ. ಕಲಾವಿದ ಅದನ್ನು ಒಪ್ಪುತ್ತಾನೆ, ಆ್ಯಪ್‌ನಲ್ಲಿ ಅಂಕವೂ ಸಿಗುತ್ತದೆ. ಒಬ್ಬ ಅನಾಮಧೇಯ ಮಾಡಿದ್ದನ್ನು ಇನ್ನೊಂದಷ್ಟು ಅನಾಮಧೇಯರು ಸರಿಪಡಿಸಿಟ್ಟ ಚಿತ್ರದಲ್ಲಿ ಮೂಲ ಯಾವುದು ಎಂಬ ಪ್ರಶ್ನೆಯನ್ನು ಕಲಾ ಗ್ಯಾಲರಿಯ ನಿಯಮದಿಂದ ಬಿಡಿಸಲಾಗದು.

ಯಾರೂ ಮತ್ತೆ ಹಾಕದ ಮೂಲೆಗಳನ್ನೂ ಗಮನಿಸಿ. ಬೀದಿಯ ಫಲಕದ ಪಕ್ಕ ಗೋಡೆಯ ಬಣ್ಣಕ್ಕಿಂತ ಬೇರೆಯಾದ ಬೂದು ಕಲೆಯೊಂದು ಕಾಣುತ್ತದೆ, ಅದರಲ್ಲಿ ಅಂಟು ಬಳಿದ ಹಲ್ಲುಕರಣೆಯ ಸಾಲುಗೆರೆಗಳು, ನಡುವೆ ಬಿಲ್ಲೆಗಳು ಕೂತಿದ್ದ ಚೌಕ ಅಚ್ಚುಗಳು. ಅಚ್ಚುಗಳನ್ನು ಎಡದಿಂದ ಬಲಕ್ಕೆ ಎಣಿಸಿ. ಎರಡೂ ಬದಿಯ ಅಂಚಿನ ಸಾಲು ಬಿಟ್ಟು ಹನ್ನೊಂದು ಬಂದರೆ ಅಲ್ಲಿದ್ದದ್ದು ಬಹುಶಃ ಏಡಿ. ಎಂಟು ಬಂದರೆ ಅದೇ ಆಟದ ಸಣ್ಣ ಜೀವಿ, ಹನ್ನೆರಡು ಬಂದರೆ ದೊಡ್ಡದು.